ಆಕಾಶವಾಣಿಯ ಕರೆಂಟ್ ಬಿಲ್ ಯಾರು ಕಟ್ಟಬೇಕು?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಧಾರವಾಡ ಆಕಾಶವಾಣಿ ಮಧ್ಯಮ ತರಂಗದಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ ಬರುತ್ತೆ. ಅದರ ಟ್ರಾನ್ಸ್‌ಮಿಟರ್‌ನ ಶಕ್ತಿ 200 ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಅಂದ್ರೆ ಈ ಯಂತ್ರ ಪೂರ್ತಿ ಶಕ್ತಿಯಲ್ಲಿ ಓಡುವಾಗ ಗಂಟೆಗೆ ಕನಿಷ್ಠ 200 ಯೂನಿಟ್ ಬೇಕು. ಶಾಖವಾಗಿ ಹೋಗೋದು, ತಂಪು ಮಾಡೋದಕ್ಕೆ ಬೇಕಾಗೋದು ಬೇರೆ. ದಿನಕ್ಕೆ 15 ಗಂಟೆ ಅಂತ ಹಿಡಿದರೆ 3,000 ಯೂನಿಟ್. ವರ್ಷಕ್ಕೆ ಹತ್ತಿರಹತ್ತಿರ 11 ಲಕ್ಷ ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂದುಕೊಂಡರೂ 87-88 ಲಕ್ಷ ರೂಪಾಯಿ ಆಯ್ತು.

ಇದು ಬರೀ ಕರೆಂಟು. ಇನ್ನು ಹಾಡುವವರು, ನಾಟಕ ಬರೆಯುವವರು, ಸುದ್ದಿ ಓದುವವರು, ರೈತರ ಹೊಲಕ್ಕೆ ಹೋಗಿ ದನಿ ಹಿಡಿದುಕೊಂಡು ಬರುವವರು, ರಾತ್ರಿ ಪಾಳಿಯ ಎಂಜಿನಿಯರು. ಇಷ್ಟೆಲ್ಲಕ್ಕೂ ದುಡ್ಡು ಬೇಕು. ಕೇಳುವವರ ಹತ್ತಿರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಾಗಿದ್ರೆ ಈ ಬಿಲ್ ಕಟ್ಟುವವರು ಯಾರು?

ಈ ಪ್ರಶ್ನೆ ಎತ್ತಿದಾಗೆಲ್ಲ ವೀಕ್ಷಕರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ಈ ಮೊಬೈಲ್ ಕಾಲದಾಗ ಆಕಾಶವಾಣಿ ಯಾಕ್ರೀ ಬೇಕು? ದೂರದರ್ಶನ ಯಾರ್ ನೋಡ್ತಾರ್ರೀ? ಮಾರಿ ಬಿಡ್ಲಿ. ನಿಮ್ಮಂಥ ಚಾನೆಲ್ಲು ಬೇಕಾದಷ್ಟು ಅದಾವಲ್ಲ." ನಾನು ಕೆಲಸ ಮಾಡುವುದು ಖಾಸಗಿ ಚಾನೆಲ್‌ನಲ್ಲಿ. ಈ ಮಾತು ಕೇಳಿ ನನಗೆ ಖುಷಿಯಾಗಬೇಕು. ಆದರೆ ಖಾಸಗಿ ಚಾನೆಲ್ಲಿನ ಹೊಟ್ಟೆಪಾಡು ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಈ ಮಾತನ್ನು ಒಪ್ಪುವುದು ಕಷ್ಟ. ಮೊದಲು ಅದನ್ನೇ ಬಿಡಿಸಿ ಹೇಳ್ತೀನಿ.

ಖಾಸಗಿ ಸುದ್ದಿ ಚಾನೆಲ್ ನಡೆಯೋದು ಮುಖ್ಯವಾಗಿ ಜಾಹೀರಾತಿನ ಮೇಲೆ. ಜಾಹೀರಾತಿನ ದರವನ್ನು 10 ಸೆಕೆಂಡಿಗೆ ಇಷ್ಟು ಅಂತ ಲೆಕ್ಕ ಹಾಕ್ತಾರೆ. ಆ ದರ ನಿಂತಿರೋದು ಟಿಆರ್‌ಪಿ ಮೇಲೆ. ದೇಶದಾದ್ಯಂತ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಏನು ನೋಡಿದರು ಅಂತ ಅಳೆಯುತ್ತಾರೆ. ಈ ಅಳತೆಯ ಬಗ್ಗೆಯೇ ತಕರಾರು ಎದ್ದು, 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ಟಿಆರ್‌ಪಿ ಪ್ರಕಟಣೆಯನ್ನೇ ನಿಲ್ಲಿಸಿದ್ದರು. ಅದೇನೇ ಇರಲಿ, ಲೆಕ್ಕ ಸರಳ: ಹೆಚ್ಚು ಜನ ನೋಡಬೇಕು, ಅದರಲ್ಲೂ ಕೊಳ್ಳುವ ಶಕ್ತಿ ಇರುವ ಜನ ನೋಡಬೇಕು. ಅವರನ್ನು ಜಾಹೀರಾತುದಾರರಿಗೆ ತೋರಿಸಬೇಕು. ಇದರಲ್ಲಿ ಮೋಸ ಇಲ್ಲ, ಇದು ವ್ಯಾಪಾರ. ಆದರೆ ವ್ಯಾಪಾರಕ್ಕೆ ಒಂದು ಗಡಿ ಇದೆ.

ಆ ಗಡಿ ಎಲ್ಲಿದೆ ಅಂತ ನೋಡೋದಕ್ಕೆ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ತಾರಿಹಾಳ ಸಾಕು. ಅಲ್ಲಿ ಕೈಗಾರಿಕಾ ಪ್ರದೇಶ ಇದೆ. ತಗಡಿನ ಶೆಡ್ಡುಗಳು, ಲಾರಿಗಳು, ಪಾಳಿ ಮುಗಿಸಿ ಡಬ್ಬಿ ಹಿಡಿದು ಹೊರಡುವ ಗಂಡಸರು, ಹೆಂಗಸರು. 2022ರ ಜುಲೈನಲ್ಲಿ ಅಲ್ಲಿನ ಒಂದು ಘಟಕದಲ್ಲಿ ಬೆಂಕಿ ಬಿತ್ತು. ಹುಟ್ಟುಹಬ್ಬದ ಕೇಕಿನ ಮೇಲೆ ಕಿಡಿ ಕಾರುವ ಕ್ಯಾಂಡಲ್ ತಯಾರಾಗುತ್ತಿದ್ದ ಜಾಗ ಅದು. ಕಾರ್ಮಿಕರು ಸುಟ್ಟುಕೊಂಡರು, ಜೀವಗಳು ಹೋದವು.

ಇಂಥ ದಿನ ಯಾವ ಸುದ್ದಿ ಚಾನೆಲ್ಲೂ ಹಿಂದೆ ಬೀಳುವುದಿಲ್ಲ. ಬೆಂಕಿ ಕಾಣುತ್ತೆ, ಹೊಗೆ ಕಾಣುತ್ತೆ, ಆಸ್ಪತ್ರೆಯ ಮುಂದೆ ಅಳುವವರು ಕಾಣುತ್ತಾರೆ. ಅದನ್ನು ಜನ ನೋಡ್ತಾರೆ. ಈಗ ಇನ್ನೊಂದು ಕಾರ್ಯಕ್ರಮ ಊಹಿಸಿಕೊಳ್ಳಿ. ವಾರಕ್ಕೆ ಅರ್ಧ ಗಂಟೆ. ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಅವರದೇ ಭಾಷೆಯಲ್ಲಿ ಹೇಳುವುದು: ಯಾವ ರಾಸಾಯನಿಕವನ್ನು ಯಾವುದರ ಪಕ್ಕ ಇಡಬಾರದು, ಹೊರಗೆ ಓಡುವ ಬಾಗಿಲು ಎಲ್ಲಿರಬೇಕು, ಇಎಸ್‌ಐ ಕಾರ್ಡ್ ಮಾಡಿಸಿಕೊಳ್ಳೋದು ಹೇಗೆ, ಮಾಲೀಕ ಮಾಡಿಸದಿದ್ದರೆ ಯಾರ ಹತ್ತಿರ ಹೋಗಬೇಕು, ಕಾರ್ಖಾನೆಗಳ ಇಲಾಖೆಗೆ ದೂರು ಕೊಡೋದು ಹೇಗೆ. ಈ ಕಾರ್ಯಕ್ರಮದಿಂದ ಜೀವ ಉಳಿಯಬಹುದು. ಆದರೆ ಯಾವ ಜಾಹೀರಾತುದಾರ ಇದಕ್ಕೆ ದುಡ್ಡು ಕೊಡ್ತಾನೆ? ಬೆಂಕಿ ಬಿದ್ದದ್ದು ಸುದ್ದಿ. ಬೆಂಕಿ ಬೀಳದೇ ಇದ್ದದ್ದು ಸುದ್ದಿಯಾಗುವುದಿಲ್ಲ, ಅದಕ್ಕೆ ಟಿಆರ್‌ಪಿ ಬರುವುದಿಲ್ಲ.

ಜನರಿಗೆ ಬೇಕೇ ಬೇಕು, ಆದರೆ ಮಾರುಕಟ್ಟೆ ದುಡ್ಡು ಹಾಕೋದಿಲ್ಲ. ಸಾರ್ವಜನಿಕ ಪ್ರಸಾರ ಅನ್ನೋದು ಇರೋದು ಈ ಜಾಗಕ್ಕಾಗಿ. ಊರಿನ ಕೆರೆ, ಬೀದಿ ದೀಪ, ಸರ್ಕಾರಿ ಶಾಲೆ ಇದ್ದ ಹಾಗೆ. ಅದು ಲಾಭ ಮಾಡುತ್ತಿಲ್ಲ ಅನ್ನುವುದು ಅದನ್ನು ಮುಚ್ಚೋದಕ್ಕೆ ಕಾರಣ ಆಗೋದಿಲ್ಲ. ಲಾಭ ಬರುವ ಹಾಗಿದ್ದರೆ ಅದನ್ನು ಬೇರೆ ಯಾರಾದರೂ ಯಾವತ್ತೋ ಮಾಡಿಬಿಡ್ತಿದ್ದರು.

ಇದು ಬಾಯಿಮಾತಲ್ಲ ಅನ್ನೋದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ಸಾಕ್ಷಿ ಇದೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ? ಬೆಂಗಳೂರಿಗೆ ಅಂತ ಹೇಳೋರೇ ಹೆಚ್ಚು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ, ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಸಂಜೆ ಟಿವಿ ಮುಂದೆ ಕೂತಿದ್ದರು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹ, ನಮ್ಮ ಇಸ್ರೋದ ಎಂಜಿನಿಯರುಗಳು, ಕೋಳಿಗೂಡಿನ ತಂತಿಜಾಲರಿಯಂಥ ಬಲೆಯಿಂದ ಮಾಡಿದ ದೊಡ್ಡ ಆಂಟೆನಾ. ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲಾ ಪಾಠ ಹೀಗೆ ಮುಟ್ಟಿತು. 'ಸೈಟ್' ಅಂತ ಆ ಪ್ರಯೋಗದ ಹೆಸರು. ಮಾರುಕಟ್ಟೆಗೆ ಬಿಟ್ಟಿದ್ದರೆ ಟಿವಿ ಮೊದಲು ಎಂ.ಜಿ. ರಸ್ತೆಗೆ ಬರ್ತಿತ್ತು, ಕೊನೆಗೆ ರಾಯಚೂರಿನ ಹಳ್ಳಿಗೆ ಹೋಗ್ತಿತ್ತು. ಸಾರ್ವಜನಿಕ ದುಡ್ಡು ಆ ಸರತಿಯನ್ನೇ ತಿರುವಿ ಹಾಕಿತು.

ಸರಿ, ಬೇಕು ಅಂತ ಒಪ್ಪೋಣ. ದುಡ್ಡು? ಇಲ್ಲಿ ಇತಿಹಾಸ ಸ್ವಲ್ಪ ನೋಡಬೇಕು. ಯಾಕಂದ್ರೆ ಪ್ರಸಾರಕ್ಕೆ ದುಡ್ಡು ಹೊಂದಿಸುವ ಎಲ್ಲ ದಾರಿಗಳನ್ನೂ ನಾವು ಒಂದಲ್ಲ ಒಂದು ಕಾಲದಲ್ಲಿ ಹಿಡಿದು ನೋಡಿದ್ದೀವಿ.

ಮೊದಲ ದಾರಿ, ಕಂಪನಿ. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರ ಶುರುವಾಯ್ತು. ಅದು ಖಾಸಗಿ ಕಂಪನಿ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸನ್ಸ್ ಶುಲ್ಕ ಕಟ್ಟಬೇಕು, ಅದರ ಬಹುಪಾಲು ಕಂಪನಿಗೆ. ಆ ಕಾಲಕ್ಕೆ 10 ರೂಪಾಯಿ ಅಂದ್ರೆ ದೊಡ್ಡ ಮೊತ್ತ. ಇಡೀ ದೇಶದಲ್ಲಿ ಲೈಸನ್ಸುಗಳ ಸಂಖ್ಯೆ 10 ಸಾವಿರವನ್ನೂ ಮುಟ್ಟಲಿಲ್ಲ. 1930ರಲ್ಲಿ ಕಂಪನಿ ದಿವಾಳಿ ಎದ್ದು, ಸರ್ಕಾರವೇ ವಹಿಸಿಕೊಳ್ಳಬೇಕಾಯ್ತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಅಂತ ಹೆಸರು ಬಂತು.

ಎರಡನೇ ದಾರಿ, ಸ್ವಂತ ಜೇಬು. ಇದು ನಮ್ಮ ಮೈಸೂರಿನ ಕಥೆ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ ಆ ಕಾಲದ ಒಂದು ಬಲ್ಬಿನಷ್ಟು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಆದರೆ ಒಬ್ಬ ಮೇಷ್ಟ್ರ ಜೇಬು ಎಷ್ಟು ದಿನ ತಡೆದೀತು? 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಆ ಕೇಂದ್ರವನ್ನು ವಹಿಸಿಕೊಂಡಿತು. ಕಂಪನಿಯೂ ಸೋತಿತು, ದಾನವೂ ದಣಿಯಿತು. ಎರಡೂ ಕಡೆ ಕೊನೆಗೆ ಬಂದದ್ದು ಸರ್ಕಾರದ ಖಜಾನೆ.

ಮೂರನೇ ದಾರಿ, ಲೈಸನ್ಸು ಮತ್ತು ಸರ್ಕಾರದ ದುಡ್ಡು ಎರಡೂ ಸೇರಿದ್ದು. ಧಾರವಾಡ ಕೇಂದ್ರ ಹುಟ್ಟಿದ್ದು ಈ ಕಾಲದಲ್ಲಿ, 1950ರ ಜನವರಿ 8ರಂದು. ಆ ತಾರೀಕನ್ನು ಸ್ವಲ್ಪ ಗಮನಿಸಿ. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕದ ಏಕೀಕರಣ ಆಗಿದ್ದು 1956ರಲ್ಲಿ. ಅಂದ್ರೆ ರಾಜ್ಯ ಒಂದಾಗುವ ಆರು ವರ್ಷ ಮೊದಲೇ ಮುಂಬಯಿ ಕರ್ನಾಟಕದ ಮನೆಗಳಿಗೆ ತಮ್ಮದೇ ಕನ್ನಡದ ದನಿ ಸಿಕ್ಕಿತ್ತು. ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದವರು ಧಾರವಾಡದವರೇ ಆದ ರಂಗನಾಥ ದಿವಾಕರ.

ಆ ದುಡ್ಡಿನಿಂದ ಏನು ಬಂತು? ದ.ರಾ. ಬೇಂದ್ರೆಯವರು ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. 'ಎನ್ಕೆ' ಅಂತ ಎಲ್ಲರಿಗೂ ಗೊತ್ತಿದ್ದ ಎನ್.ಕೆ. ಕುಲಕರ್ಣಿಯವರು ಅಲ್ಲೇ ಕೆಲಸ ಮಾಡ್ತಾ ರೇಡಿಯೋ ನಾಟಕಕ್ಕೆ ಧಾರವಾಡದ ಆಡುಮಾತು ತಂದರು. ಕಿರಾಣಾ, ಜೈಪುರ ಘರಾಣೆಗಳ ಗಾಯನವನ್ನು ಟಿಕೆಟ್ ಇಲ್ಲದೆ, ಹೊಲದಲ್ಲಿ ಕೂತ ಒಬ್ಬ ರೈತ ಕೇಳಬಹುದಿತ್ತು. ಇವರಲ್ಲಿ ಯಾರನ್ನಾದರೂ ಟಿಆರ್‌ಪಿ ನೋಡಿ ಕರೆಸಿದ್ದರೇನು?

ರೇಡಿಯೋ ಲೈಸನ್ಸು ನಮ್ಮ ತಲೆಮಾರಿನವರಿಗೆ ಗೊತ್ತಿಲ್ಲ. ಮನೆಯ ಹಿರಿಯರನ್ನು ಕೇಳಿ, ಹೇಳ್ತಾರೆ. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೆ 15 ರೂಪಾಯಿ ಕಟ್ಟಿ, ಪುಸ್ತಕದಲ್ಲಿ ಗುರುತು ಹಾಕಿಸಿಕೊಂಡು ಬರಬೇಕಿತ್ತು. ಟಿವಿಗೆ ಇನ್ನೂ ಹೆಚ್ಚು. ಕಟ್ಟದಿದ್ದರೆ ದಂಡ. ಜನಕ್ಕೆ ಕಿರಿಕಿರಿ, ಸರ್ಕಾರಕ್ಕೆ ವಸೂಲಿಯ ತಲೆನೋವು. 1980ರ ದಶಕದ ಮಧ್ಯದಲ್ಲಿ ಲೈಸನ್ಸು ರದ್ದಾಯ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅದರ ಜೊತೆ ಇನ್ನೊಂದು ಹೋಯ್ತು, ಅದನ್ನು ಯಾರೂ ಗಮನಿಸಲಿಲ್ಲ. ಲೈಸನ್ಸ್ ಪುಸ್ತಕ ಒಂದು ರಸೀದಿ. ನಾನು ದುಡ್ಡು ಕೊಟ್ಟಿದ್ದೀನಿ, ನನಗೆ ಕೇಳುವ ಹಕ್ಕಿದೆ ಅನ್ನೋದಕ್ಕೆ ಪುರಾವೆ. ರಸೀದಿ ಹೋದ ಮೇಲೆ ಕೇಳುಗ ಗಿರಾಕಿಯೂ ಅಲ್ಲ, ಯಜಮಾನನೂ ಅಲ್ಲ. ಬಿಟ್ಟಿ ಕೇಳುವವನು ಅಂತಾಯ್ತು.

ನಾಲ್ಕನೇ ದಾರಿ, ಜಾಹೀರಾತು. ವಿವಿಧ ಭಾರತಿಯಲ್ಲಿ 1967ರಿಂದಲೇ ಜಾಹೀರಾತು ಶುರುವಾಗಿತ್ತು. ಮುಂದೆ ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳು ಬಂದವು. ಬೇರೆ ಚಾನೆಲ್ಲೇ ಇಲ್ಲದ ಕಾಲದಲ್ಲಿ ದುಡ್ಡು ಚೆನ್ನಾಗಿಯೇ ಬಂತು. 1990ರ ದಶಕದಲ್ಲಿ ಕೇಬಲ್ ಬಂದ ಮೇಲೆ ಜಾಹೀರಾತು ಖಾಸಗಿಯವರ ಕಡೆ ಹರಿಯಿತು.

ಇಲ್ಲಿಗೆ ಕಾನೂನಿನ ಮಾತು ಬರುತ್ತೆ. ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಸರ್ಕಾರದ ತುತ್ತೂರಿಯಾಗಿದ್ದನ್ನು ದೇಶ ನೋಡಿತ್ತು. ಅದಾದ ಮೇಲೆ ಬಿ.ಜಿ. ವರ್ಗೀಸ್ ಸಮಿತಿ, ಪ್ರಸಾರವನ್ನು ಸರ್ಕಾರದ ಕೈಯಿಂದ ಬಿಡಿಸಿ 'ಆಕಾಶ ಭಾರತಿ' ಅನ್ನುವ ಟ್ರಸ್ಟಿಗೆ ಕೊಡಿ ಅಂತ 1978ರಲ್ಲಿ ಹೇಳಿತು. ಆಗಲಿಲ್ಲ. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯ್ತು, ಆದರೆ ಜಾರಿಗೆ ಬರಲು 1997 ಆಗಬೇಕಾಯ್ತು. ನಡುವೆ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಕ್ರಿಕೆಟ್ ಪ್ರಸಾರದ ಹಕ್ಕಿನ ವ್ಯಾಜ್ಯ ಅದು. ವಾಯುತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ ಅನ್ನೋದು ಆ ತೀರ್ಪಿನ ಸಾರ.

ಕೇಳೋದಕ್ಕೆ ಚಂದ. ಕಾಗದದ ಮೇಲೆ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಆದರೆ ದುಡ್ಡು? ಪ್ರತಿ ವರ್ಷ ಕೇಂದ್ರ ಬಜೆಟ್ಟಿನಲ್ಲಿ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮೂಲಕ ಬರುವ ಅನುದಾನ. ಅದರಲ್ಲಿ ಸಂಬಳದ್ದೇ ಸಿಂಹಪಾಲು. ಯಂತ್ರೋಪಕರಣಕ್ಕೆ ಬೇರೆ ಯೋಜನೆ ಇದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 'ಬೈಂಡ್' ಅನ್ನುವ ಯೋಜನೆಗೆ 2,539 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹೊಸ ಟ್ರಾನ್ಸ್‌ಮಿಟರ್, ಸ್ಟುಡಿಯೋ, ಗಡಿ ಮತ್ತು ಬುಡಕಟ್ಟು ಪ್ರದೇಶಗಳಿಗೆ 8 ಲಕ್ಷ ಉಚಿತ ಸೆಟ್‌ಟಾಪ್ ಬಾಕ್ಸ್. ಒಳ್ಳೇದೇ. ಆದರೆ ಸ್ಟುಡಿಯೋ ಹೊಸದಾಗಿ, ಒಳಗೆ ಮಾತಾಡುವವರು ಇಲ್ಲದಿದ್ದರೆ? ದಶಕಗಳ ಕಾಲ ಕಾಯಂ ನೇಮಕಾತಿ ಬಹುತೇಕ ನಿಂತು, ನಿವೃತ್ತರಾದವರ ಕುರ್ಚಿ ಖಾಲಿ ಉಳಿದು, ಆಕಾಶವಾಣಿಯ ಅನೇಕ ಕೇಂದ್ರಗಳು ಇವತ್ತು ದಿನಗೂಲಿ ಲೆಕ್ಕದ ಹಂಗಾಮಿ ಉದ್ಘೋಷಕರ ಮೇಲೆ ನಡೀತಿವೆ. ಜನ ಇಲ್ಲದ ಕಡೆ ಏನಾಗುತ್ತೆ? ಸ್ಥಳೀಯ ಕಾರ್ಯಕ್ರಮ ಕಡಿಮೆಯಾಗುತ್ತೆ, ಬೇರೆ ಕಡೆಯಿಂದ ಬರುವ ಮರುಪ್ರಸಾರ ಹೆಚ್ಚಾಗುತ್ತೆ.

ದುಡ್ಡು ಎಷ್ಟು ಅಂತ ಒಮ್ಮೆ ನೋಡಿಬಿಡೋಣ. ಇತ್ತೀಚಿನ ವರ್ಷಗಳಲ್ಲಿ ಪ್ರಸಾರ ಭಾರತಿಗೆ ಬರ್ತಿರೋ ಅನುದಾನ ವರ್ಷಕ್ಕೆ ಎರಡೂವರೆಯಿಂದ ಮೂರು ಸಾವಿರ ಕೋಟಿ ರೂಪಾಯಿ. ಕೇಳಿದರೆ ಎದೆ ಝಲ್ ಅನ್ನುತ್ತೆ. 140 ಕೋಟಿ ಜನಕ್ಕೆ ಭಾಗಿಸಿ. ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ. ತಿಂಗಳಿಗೆ ಎರಡು ರೂಪಾಯಿಯೂ ಇಲ್ಲ. ಐದು ಜನರ ಮನೆ ಅಂದ್ರೆ ವರ್ಷಕ್ಕೆ 100 ರೂಪಾಯಿ. ಬ್ರಿಟನ್ನಿನಲ್ಲಿ ಬಿಬಿಸಿಗಾಗಿ ಒಂದು ಮನೆ ಕಟ್ಟುವ ಲೈಸನ್ಸ್ ಶುಲ್ಕ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174 ಪೌಂಡ್ 50 ಪೆನ್ಸ್ ಆಗಿತ್ತು. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 20 ಸಾವಿರ ರೂಪಾಯಿ. ಅವರ ಆದಾಯ ಬೇರೆ, ನಮ್ಮದು ಬೇರೆ, ಒಪ್ಪಿದೆ. ಆದರೂ 100 ರೂಪಾಯಿ ಕೊಟ್ಟು ಬಿಬಿಸಿಯ ಗುಣಮಟ್ಟ ಯಾಕಿಲ್ಲ ಅಂತ ಕೇಳೋದು ಎಷ್ಟು ಸರಿ? ಕಾಸಿಗೆ ತಕ್ಕ ಕಜ್ಜಾಯ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾಸು ಹೆಚ್ಚಿದರೆ ಸಾಕಾ? ಸಾಲದು. ಕಾಸು ಯಾರ ಕೈಯಿಂದ ಬರುತ್ತೆ ಅನ್ನೋದು ಅದಕ್ಕಿಂತ ಮುಖ್ಯ. ಇದು ಇವತ್ತಿನ ಮಾತಿನ ತಿರುಳು. ಎರಡು ದೇಶಗಳ ಉದಾಹರಣೆ ಕೊಡ್ತೀನಿ.

ಅಮೆರಿಕದಲ್ಲಿ 1967ರ ಕಾಯ್ದೆಯ ಅಡಿಯಲ್ಲಿ ಹುಟ್ಟಿದ ಒಂದು ನಿಗಮ, ಸರ್ಕಾರದ ದುಡ್ಡನ್ನು ದೇಶದ ಸಾರ್ವಜನಿಕ ರೇಡಿಯೋ, ಟಿವಿ ಕೇಂದ್ರಗಳಿಗೆ ಹಂಚುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು, ಮೊದಲೇ ಮಂಜೂರಾಗಿದ್ದ ಎರಡು ವರ್ಷದ 110 ಕೋಟಿ ಡಾಲರನ್ನು ವಾಪಸ್ ತಗೊಂಡಿತು. ಆಗಸ್ಟ್ ಒಂದನೇ ತಾರೀಕು ಆ ನಿಗಮ ಬಾಗಿಲು ಮುಚ್ಚುವ ಕೆಲಸ ಶುರು ಮಾಡ್ತೀವಿ ಅಂತ ಹೇಳಿತು. ನ್ಯೂಯಾರ್ಕಿನಂಥ ದೊಡ್ಡ ಊರಿನ ಕೇಂದ್ರಗಳಿಗೆ ದಾನಿಗಳಿದ್ದಾರೆ. ಹೆಚ್ಚು ಪೆಟ್ಟು ಬಿದ್ದದ್ದು ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ. ಅವರ ಧಾರವಾಡ, ಅವರ ಭದ್ರಾವತಿ ಅಂತ ಇಟ್ಟುಕೊಳ್ಳಿ.

ಜರ್ಮನಿಯಲ್ಲಿ ಬೇರೆ ವ್ಯವಸ್ಥೆ. 2013ರಿಂದ ಅಲ್ಲಿ ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ ಇಷ್ಟು ಅಂತ ಕಟ್ಟಬೇಕು. ಈಗ ಅದು 18 ಯೂರೋ 36 ಸೆಂಟ್. ಎಷ್ಟು ಬೇಕು ಅಂತ ಅಂದಾಜು ಮಾಡೋದು ಮಂತ್ರಿಯಲ್ಲ, ಒಂದು ಸ್ವತಂತ್ರ ತಜ್ಞರ ಆಯೋಗ. ಶುಲ್ಕ ಏರಿಸಲು ಅಲ್ಲಿನ ಎಲ್ಲ ರಾಜ್ಯಗಳೂ ಒಪ್ಪಬೇಕು. ಒಂದು ರಾಜ್ಯ ಅಡ್ಡಗಾಲು ಹಾಕಿತು. ವಿಷಯ ಕೋರ್ಟಿಗೆ ಹೋಯ್ತು. 2021ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಹೀಗೆ ದುಡ್ಡು ತಡೆಯೋದು ಪ್ರಸಾರ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಹೇಳಿ, ಏರಿಕೆಯನ್ನು ಜಾರಿ ಮಾಡಿಸಿತು. ಅಲ್ಲಿ ಜಗಳ ಮುಗಿದಿದೆ ಅಂತಲ್ಲ, ಇನ್ನೂ ನಡೀತಿದೆ. ಆದರೆ ವ್ಯತ್ಯಾಸ ನೋಡಿ. ಒಂದು ಕಡೆ ಆಳುವವರಿಗೆ ಸಿಟ್ಟು ಬಂದರೆ ಗಂಟಿನ ಬಾಯಿ ಬಿಗಿಯಬಹುದು. ಇನ್ನೊಂದು ಕಡೆ ಬಿಗಿಯೋದಕ್ಕೆ ಹೋದರೆ ಕೋರ್ಟು ಕೈ ಹಿಡಿಯುತ್ತೆ.

ನಮ್ಮ ವ್ಯವಸ್ಥೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ನೀವೇ ಹೇಳಿ. ದೆಹಲಿಯಲ್ಲಿ ಯಾವ ಪಕ್ಷ ಅಧಿಕಾರದಲ್ಲಿರಲಿ, ಪ್ರತಿ ವರ್ಷ ಕೈ ಚಾಚಬೇಕಾದ ಸಂಸ್ಥೆ ಆ ಕೈಯನ್ನು ಪ್ರಶ್ನಿಸೋದು ಹೇಗೆ? ಆಕಾಶವಾಣಿ ಸುದ್ದಿಯಲ್ಲಿ ಮಂತ್ರಿಗಳ ಭಾಷಣ ಮೊದಲು, ಜನರ ಅಹವಾಲು ಆಮೇಲೆ ಅನ್ನುವ ದೂರು ನಿನ್ನೆ ಮೊನ್ನೆಯದಲ್ಲ. ಅಲ್ಲಿ ಕೆಲಸ ಮಾಡುವವರ ಯೋಗ್ಯತೆಗೂ ಇದಕ್ಕೂ ಸಂಬಂಧ ಇಲ್ಲ. ರೊಕ್ಕದ ಕೊಳವೆ ಯಾವ ಕಡೆಯಿಂದ ಬಂದಿದೆಯೋ ನೀರು ಆ ಕಡೆಯದೇ ಬರುತ್ತೆ.

ಇದರಿಂದ ತಪ್ಪಿಸಿಕೊಳ್ಳೋಕೆ ಸ್ವಂತ ಗಳಿಕೆ ಮಾಡಲಿ ಅನ್ನೋರಿದ್ದಾರೆ. ಪ್ರಸಾರ ಭಾರತಿ ಅದನ್ನೂ ಮಾಡ್ತಿದೆ. ಡಿಡಿ ಫ್ರೀ ಡಿಶ್ ಗೊತ್ತಲ್ಲ? ತಿಂಗಳ ಬಾಡಿಗೆ ಇಲ್ಲದ ಡಿಶ್. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ಅದರಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗಿ ಜಾಗ ಹಿಡೀತಾವೆ. ವರ್ಷಕ್ಕೆ ನೂರಾರು ಕೋಟಿ ಆದಾಯ. ಬಡವರ ಮನೆಗೆ ಬಿಟ್ಟಿ ಟಿವಿ ಮುಟ್ಟಿತು, ಸಂಸ್ಥೆಗೆ ದುಡ್ಡೂ ಬಂತು. ಒಳ್ಳೆ ಯೋಜನೆ. ಆದರೆ ಹರಾಜು ಗೆಲ್ಲೋದು ಹೆಚ್ಚು ನೋಡುಗರಿರುವ ಭಾಷೆಯ, ಹೆಚ್ಚು ಜಾಹೀರಾತಿರುವ ಚಾನೆಲ್. ಸಣ್ಣ ಮಾರುಕಟ್ಟೆಯ ಭಾಷೆಗೆ ಅಲ್ಲಿ ಜಾಗ ಹುಟ್ಟೋದು ಕಷ್ಟ. ಗಳಿಕೆಯ ಹಿಂದೆ ಓಡಿದಷ್ಟೂ ಸಾರ್ವಜನಿಕ ಪ್ರಸಾರ ನಮ್ಮಂಥ ಖಾಸಗಿ ಚಾನೆಲ್‌ನ ಹಾಗೇ ಆಗುತ್ತೆ. ಆಗ ಎರಡು ಯಾಕೆ ಬೇಕು?

ಇನ್ನು ಮೊಬೈಲ್ ಇದೆಯಲ್ಲ ಅನ್ನುವ ಮಾತಿಗೆ ಬರೋಣ. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಹೇಳಲೇಬೇಕು. ಮೊಬೈಲ್ ಸಿಗ್ನಲ್ ಟವರಿನಿಂದ ಕೆಲವೇ ಕಿಲೋಮೀಟರ್ ಹೋಗುತ್ತೆ. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಿಗಂತದವರೆಗೆ. ಮಧ್ಯಮ ತರಂಗ ಹಾಗಲ್ಲ, ನೆಲವನ್ನು ತಬ್ಬಿಕೊಂಡು ಗುಡ್ಡ ದಾಟಿ ನೂರಾರು ಕಿಲೋಮೀಟರ್ ಹೋಗುತ್ತೆ. ರಾತ್ರಿ ಮೇಲಿನ ವಾಯುಮಂಡಲಕ್ಕೆ ಬಡಿದು ಇನ್ನೂ ದೂರ ಇಳಿಯುತ್ತೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಉಕ್ಕಿದ್ದವು. ಬೆಣ್ಣೆಹಳ್ಳ, ತುಪ್ಪರಿಹಳ್ಳ ತುಂಬಿದರೆ ನವಲಗುಂದದ ಕಡೆಯ ಹಳ್ಳಿಗಳು ಹೇಗೆ ನಡುಗಡ್ಡೆ ಆಗ್ತಾವೆ ಅಂತ ಆ ಭಾಗದವರಿಗೆ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತೆ. ಟವರಿನ ಬ್ಯಾಟರಿ ಕೆಲವು ಗಂಟೆ ಬರುತ್ತೆ, ಆಮೇಲೆ ಡೀಸೆಲ್ ಬೇಕು, ಡೀಸೆಲ್ ತರೋಕೆ ರಸ್ತೆ ಬೇಕು. ಎರಡು ಸೆಲ್ಲಿನ ರೇಡಿಯೋಕ್ಕೆ ಇದ್ಯಾವುದೂ ಬೇಡ. 60-70 ಕಿಲೋಮೀಟರ್ ದೂರದ ಟ್ರಾನ್ಸ್‌ಮಿಟರ್ ಒಂದು ನಿಂತಿದ್ದರೆ ಸಾಕು, ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಅಂತ ಮನೆ ಮಾಳಿಗೆ ಮೇಲೆ ಕೂತವರಿಗೂ ಗೊತ್ತಾಗುತ್ತೆ. ಮೊಬೈಲ್ ಫೋನುಗಳಲ್ಲಿ ಎಫ್‌ಎಂ ರೇಡಿಯೋ ತೆಗೆಯಬೇಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ಖಾಸಗಿ ಎಫ್‌ಎಂ ಇದೆಯಲ್ಲ ಅಂದ್ರೆ, ಅವರಿಗೆ ಸ್ವಂತ ಸುದ್ದಿ ಕೊಡಲು ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಗೇ ಹಾಕಬಹುದು ಅಷ್ಟೇ.

ಕೊರೊನಾ ಕಾಲದಲ್ಲೂ ಇದನ್ನೇ ಕಂಡೆವು. 2020ರಲ್ಲಿ ಶಾಲೆ ಮುಚ್ಚಿದಾಗ, ಆನ್‌ಲೈನ್ ಪಾಠಕ್ಕೆ ಫೋನೂ ಡೇಟಾವೂ ಇಲ್ಲದ ಮಕ್ಕಳಿಗೆ 8, 9, 10ನೇ ತರಗತಿಯ ಪಾಠ ಬಂದದ್ದು ಚಂದನ ವಾಹಿನಿಯ 'ಸೇತುಬಂಧ'ದಲ್ಲಿ. ಅದೇ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಿಂದ ನಡೀತಿದೆ. ಬಹುಮಾನ ಲಕ್ಷಗಳಲ್ಲ, ಪುಸ್ತಕ. ದೊಡ್ಡ ದುಡ್ಡಿಲ್ಲದೆಯೂ ಜನರ ಪ್ರೀತಿ ಗಳಿಸಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಹಾಗಾದ್ರೆ ಏನು ಮಾಡಬೇಕು? ನನಗೆ ಕಾಣೋದು ಮೂರು ಕೆಲಸ.

ಒಂದು, ದುಡ್ಡನ್ನು ವರ್ಷ ವರ್ಷದ ಭಿಕ್ಷೆ ಆಗಿ ಕೊಡೋದು ನಿಲ್ಲಬೇಕು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಎಷ್ಟು ಅಂತ ಹೇಳೋಕೆ ಹಣಕಾಸು ಆಯೋಗ ಇದೆ. ಅದೇ ರೀತಿ ಒಂದು ಸ್ವತಂತ್ರ ಸಮಿತಿ, ಐದು ವರ್ಷಕ್ಕೆ ಇಷ್ಟು ಬೇಕು ಅಂತ ಸಂಸತ್ತಿಗೆ ಹೇಳಲಿ. ಒಮ್ಮೆ ಒಪ್ಪಿದ ಮೇಲೆ ನಡುವೆ ಯಾವ ಮಂತ್ರಿಯೂ ಕತ್ತರಿಸುವ ಹಾಗಿರಬಾರದು. ದೇಶದಲ್ಲಿ ಸುಮಾರು 30 ಕೋಟಿ ಮನೆ ಅಂತ ಹಿಡಿಯಿರಿ. ಮನೆಗೆ ತಿಂಗಳಿಗೆ 10 ರೂಪಾಯಿ ಲೆಕ್ಕದಲ್ಲಿ ತೆರಿಗೆಯಿಂದಲೇ ತೆಗೆದಿಟ್ಟರೂ ವರ್ಷಕ್ಕೆ 3,600 ಕೋಟಿ. ಈಗಿನ ಅನುದಾನಕ್ಕಿಂತ ಹೆಚ್ಚು. ಹೊಸ ಬಿಲ್ಲು ಬೇಡ, ಅಂಚೆ ಕಚೇರಿಯ ಸಾಲೂ ಬೇಡ.

ಎರಡು, ಆ ದುಡ್ಡಿನಲ್ಲಿ ಊರಿನ ಕೇಂದ್ರಕ್ಕೆ ಕಾಯ್ದಿಟ್ಟ ಪಾಲು ಬೇಕು. ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರು, ಪ್ರತಿಯೊಂದು ಕೇಂದ್ರವೂ ದಿನಕ್ಕೆ ಕನಿಷ್ಠ ಇಷ್ಟು ಗಂಟೆ ತನ್ನದೇ ಕಾರ್ಯಕ್ರಮ ಮಾಡಬೇಕು, ಅದಕ್ಕೆ ಬೇಕಾದ ಜನರನ್ನು ಕಾಯಂ ಆಗಿ ತಗೊಳ್ಳಬೇಕು ಅಂತ ನಿಯಮ ಆಗಲಿ. ಟ್ರಾನ್ಸ್‌ಮಿಟರ್ ಧಾರವಾಡದ್ದು, ದನಿ ದೆಹಲಿಯದು ಅಂತಾದರೆ ಆ 11 ಲಕ್ಷ ಯೂನಿಟ್ ಯಾಕೆ ಸುಡಬೇಕು?

ಮೂರು, ಲೆಕ್ಕ ಒಪ್ಪಿಸಬೇಕು. ಜನರ ದೂರು ಕೇಳೋದಕ್ಕೆ ಒಂದು ಪ್ರಸಾರ ಮಂಡಳಿ, ಮೇಲ್ವಿಚಾರಣೆಗೆ ಸಂಸತ್ತಿನ ಸಮಿತಿ ಇರಬೇಕು ಅಂತ 1990ರ ಕಾಯ್ದೆಯಲ್ಲೇ ಇದೆ. ಆ ಕಲಮುಗಳಿಗೆ ಜೀವ ಬರಲಿ. ಧಾರವಾಡ ಕೇಂದ್ರಕ್ಕೆ ವರ್ಷಕ್ಕೆ ಎಷ್ಟು ಬಂತು, ಕರೆಂಟಿಗೆಷ್ಟು, ಕಲಾವಿದರಿಗೆಷ್ಟು, ಸ್ಥಳೀಯ ಕಾರ್ಯಕ್ರಮ ಎಷ್ಟು ಗಂಟೆ ಅಂತ ಅದೇ ಕೇಂದ್ರ, ಅದೇ ಅಲೆಯಲ್ಲಿ, ವರ್ಷಕ್ಕೊಮ್ಮೆ ಓದಿ ಹೇಳಲಿ.

ಇಷ್ಟಾದರೆ ತಾರಿಹಾಳದ ಆ ಅರ್ಧ ಗಂಟೆಯ ಕಾರ್ಯಕ್ರಮ ಕನಸಲ್ಲ. ಅದಕ್ಕೆ ಬೇಕಾದದ್ದು ಒಬ್ಬ ಕಾರ್ಯಕ್ರಮ ನಿರ್ವಾಹಕ, ಒಂದು ರೆಕಾರ್ಡರ್, ಓಡಾಡೋಕೆ ಒಂದು ಗಾಡಿ, ಮತ್ತೆ ಯಾವ ಕಾರ್ಖಾನೆಯ ಮಾಲೀಕನಿಗಾಗಲೀ ಮಂತ್ರಿಗಾಗಲೀ ಹೆದರಬೇಕಾಗಿಲ್ಲ ಅನ್ನುವ ಧೈರ್ಯ. ಮೊದಲ ಮೂರಕ್ಕೆ ತಗಲುವ ಖರ್ಚು ಸಣ್ಣದು. ನಾಲ್ಕನೆಯದು ಬರೋದು ದುಡ್ಡು ಬರುವ ದಾರಿ ಬದಲಾದಾಗ ಮಾತ್ರ.

ಕೊನೆಗೆ ತಲೆಬರಹದ ಪ್ರಶ್ನೆ. ಆಕಾಶವಾಣಿಯ ಕರೆಂಟ್ ಬಿಲ್ ಯಾರು ಕಟ್ಟಬೇಕು? ವೀಕ್ಷಕರೇ, ಈಗಲೂ ಕಟ್ಟುತ್ತಿರುವವರು ನೀವೇ. ಬೆಂಕಿಪೆಟ್ಟಿಗೆ ಕೊಂಡಾಗ, ಸೋಪು ಕೊಂಡಾಗ, ಮೊಬೈಲ್ ರಿಚಾರ್ಜ್ ಮಾಡಿಸಿದಾಗ ಕೊಟ್ಟ ತೆರಿಗೆಯಲ್ಲಿ ಆ 20 ರೂಪಾಯಿಯೂ ಸೇರಿದೆ. ರಸೀದಿ ಮಾತ್ರ ಕೊಡ್ತಿಲ್ಲ. ನಿಮ್ಮ ಸಂಸದರು ಮುಂದಿನ ಸಲ ವೋಟು ಕೇಳೋಕೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ನಮ್ಮ ಊರಿನ ರೇಡಿಯೋಕ್ಕೆ ನಾವು ಕೊಟ್ಟ ರೊಕ್ಕ ಎಲ್ಲಿ ಹೋಯ್ತು, ರಸೀದಿ ತೋರಿಸಿ.